ಠಿಕಾಣಿ ಇಲ್ಲದ ಐದು ಚೀಲಗಳು

ಸಮುದ್ರವನ್ನು ಕಾಣುವ ಮೊದಲು ನಾನು ಹದಿಮೂರು ವರ್ಷ ದಾಂಡೇಲಿಯ ಕಟ್ಟಿಗೆ ಡಿಪೋದಲ್ಲಿ ದಿಮ್ಮಿಗಳ ಮೇಲೆ ನಂಬರು ಬರೆದವನು. ಕಾಡಿನಿಂದ ಲಾರಿಯಲ್ಲಿ ಬಂದ ಸಾಗವಾನಿ, ಮತ್ತಿ, ನಂದಿಗಳನ್ನು ಆಳುಗಳು ಉರುಳಿಸಿ ಸಾಲಾಗಿ ಹಾಕಿದ ಮೇಲೆ, ಟೇಪು ಹಿಡಿದು ಉದ್ದ, ಸುತ್ತಳತೆ ತೆಗೆದು, ಗರಗಸ ಬಿದ್ದ ಮುಖದ ಮೇಲೆ ಅದನ್ನು ಬರೆಯಬೇಕು. ಬರೆಯಲು ಕಾಪಿಂಗ್ ಪೆನ್ಸಿಲ್. ಅದರ ಮೊನೆಯನ್ನು ನಾಲಿಗೆಗೆ ಒಮ್ಮೆ ಮುಟ್ಟಿಸಿ ಬರೆದರೆ ಅಕ್ಷರ ನೇರಳೆ ಬಣ್ಣಕ್ಕೆ ತಿರುಗಿ ಕಟ್ಟಿಗೆಯೊಳಗೆ ಇಳಿಯುತ್ತದೆ. ಮರ ಹಸಿಯಾಗಿದ್ದರೆ ಇನ್ನೂ ಗಟ್ಟಿ. ನಮ್ಮ ನಾಲಿಗೆಯ ತುದಿ ವರ್ಷವಿಡೀ ನೇರಳೆಯಾಗಿಯೇ ಇರುತ್ತಿತ್ತು. ನೇರಳೆಹಣ್ಣಿನ ದಿನಗಳಲ್ಲಿ ಮಾತ್ರ ಊರ ಮಂದಿಯೆಲ್ಲ ನಮ್ಮಂತೆ ಕಾಣುತ್ತಿದ್ದರು.

ಮುಂಡಗೋಡದಿಂದ ಬಂದು ಕೆಲಸಕ್ಕೆ ಸೇರಿದ ಮೊದಲ ವರ್ಷ, ಯಾರೂ ಹೇಳಿಕೊಡದೆ, ನಾನು ಒಂದು ಸಾಲಿಗೆ ಸೀಮೆಸುಣ್ಣದಲ್ಲಿ ನಂಬರು ಬರೆದಿದ್ದೆ. ಆ ಸಂಜೆ ಮೇ ತಿಂಗಳ ಅಡ್ಡಮಳೆ ಬಂತು. ಬೆಳಿಗ್ಗೆ ನೋಡಿದರೆ ಎಲ್ಲ ದಿಮ್ಮಿಗಳ ಮುಖ ತೊಳೆದಿಟ್ಟ ತಾಟಿನ ಹಾಗೆ. ಎರಡು ದಿನ ಊಟಕ್ಕೂ ಹೋಗದೆ ಮತ್ತೆ ಅಳೆದೆ. ನಂಬರು ಹಾಕುವ ಹಿರಿಯ ಮಾರ್ಕರ್ ಒಬ್ಬರು ಹತ್ತಿರ ನಿಂತು ಬೀಡಿ ಸೇದುತ್ತ, “ತಮ್ಮಾ, ನಂಬರ್ ಅಳಿಸ್ಯಾವ ಅಂತ ಅಳಬ್ಯಾಡ. ನಿನ್ನ ಹೆಸರಂತೂ ಹಾಜರಿ ಬುಕ್ಕಿನ್ಯಾಗ ಐತಿ” ಎಂದರು. ಅಂದಿನಿಂದ ಅಂಗಿಯ ಜೇಬಿನಲ್ಲಿ ಕಾಪಿಂಗ್ ಪೆನ್ಸಿಲ್ ಇಲ್ಲದೆ ನಾನು ಹೊಸಿಲು ದಾಟಿದವನಲ್ಲ.

ಎಂಬತ್ತರ ದಶಕ ಆಗಷ್ಟೇ ಶುರುವಾಗಿದ್ದಾಗ ಹೆಂಡತಿ ತೀರಿಕೊಂಡಳು. ಮಕ್ಕಳಿರಲಿಲ್ಲ. ಅಂಬೇವಾಡಿಯ ಚಾಳಿನಲ್ಲಿ ಎರಡು ಖೋಲಿಯ ಮನೆ. ಅತ್ತ ಕಡೆಯ ಗೋಡೆಗೆ ಹೊಂದಿ ಗ್ಯಾರೇಜ್ ಮೇಸ್ತ್ರಿಯೊಬ್ಬರ ಸಂಸಾರ. ಅವರ ಹೆಂಡತಿಯನ್ನು ನಾನು ಭಾಬಿ ಅನ್ನುತ್ತಿದ್ದೆ. ಆ ವರ್ಷ ನನಗೆ ಕಷ್ಟವಾದದ್ದು ಅಡುಗೆಯಲ್ಲ. ಅಡುಗೆ ಬರುತ್ತಿತ್ತು. ಅಕ್ಕಿ ಅಳೆಯುವಾಗ ಕೈ ತಾನಾಗಿ ಎರಡು ವಾಟಿ ತುಂಬುತ್ತಿತ್ತು. ಒಂದನ್ನು ಡಬ್ಬಿಗೆ ತಿರುಗಿ ಸುರಿಯುವ ಸದ್ದು ಕೇಳಬಾರದೆಂದು ಎರಡನ್ನೂ ಬೇಯಿಸಿ ಮರುದಿನ ತಂಗಳು ತಿನ್ನುತ್ತಿದ್ದೆ. ಹಳಿಯಾಳದ ಅಕ್ಕ ಎರಡು ಸಲ ಬಂದು ಕರೆದಳು. ಹೋಗಲಿಲ್ಲ. ಹೋದರೆ ಅವಳ ಮನೆಯ ಗದ್ದಲದಲ್ಲಿ ಕೂತು ನನ್ನ ಮನೆ ನೆನೆಯುತ್ತೇನೆಂದು ಗೊತ್ತಿತ್ತು.

ಆಗ ಪೇಪರಿನಲ್ಲಿ ಒಂದು ಜಾಹೀರಾತು ಬಂತು. ಗೋವಾದಿಂದ ಹೊರಡುವ ಸಮುದ್ರ ಸಂಶೋಧನೆಯ ಹಡಗಿಗೆ ನಮೂನೆಗಳನ್ನು ಜೋಪಾನ ಮಾಡುವ ಸಹಾಯಕ ಬೇಕು, ತಾತ್ಕಾಲಿಕ ಕೆಲಸ, ರಜಿಸ್ಟರ್ ಬರೆದು ರೂಢಿಯಿರಬೇಕು. ಸಂದರ್ಶನದಲ್ಲಿ ಅವರು ಕೇಳಿದ್ದು ಎರಡೇ ಮಾತು. ಒದ್ದೆ ಕೈಯಲ್ಲಿ ಸಣ್ಣ ಅಕ್ಷರ ಬರೆಯಬಲ್ಲಿರಾ, ತಿಂಗಳುಗಟ್ಟಲೆ ಮನೆ ಬಿಟ್ಟಿರಬಲ್ಲಿರಾ. ಎರಡಕ್ಕೂ ಹೌದೆಂದೆ. ಎರಡನೆಯದಕ್ಕೆ ಸ್ವಲ್ಪ ಬೇಗನೆ ಹೌದೆಂದೆ. ಡಿಪೋದಲ್ಲಿ ಸಂಬಳವಿಲ್ಲದ ರಜೆ ಬರೆದುಕೊಟ್ಟು ಹೊರಟೆ.

ಹಡಗಿನಲ್ಲಿ ಧಾರವಾಡ ಕಡೆಯ ಮಾತು ಆಡುವವರು ನನ್ನನ್ನು ಬಿಟ್ಟರೆ ಒಬ್ಬರೇ. ಆಳ ಸಮುದ್ರದ ಹವಳಗಳನ್ನು ಅಭ್ಯಾಸ ಮಾಡುವ ಧಾರವಾಡದ ಹೆಣ್ಣುಮಗಳು, ವಯಸ್ಸು ಮೂವತ್ತರ ಆಸುಪಾಸು. ಎಲ್ಲರೂ ಮೇಡಂ ಅಂದರೆ ನಾನು ಬಾಯಾರು ಅನ್ನುತ್ತಿದ್ದೆ. ನನ್ನ ಕೆಲಸ ಅವರ ಕೈಕೆಳಗೇ. ಹವಳವೆಂದರೆ ಉಂಗುರದಲ್ಲಿ ಕೂಡಿಸುವ ಕೆಂಪು ಹರಳೆಂದಷ್ಟೇ ತಿಳಿದಿದ್ದ ನನಗೆ ಅವರು ಮೊದಲ ವಾರವೇ ಕೂಡಿಸಿಕೊಂಡು ಹೇಳಿದರು. ನೀರಿನಡಿ ಬಯಲಷ್ಟೇ ಅಲ್ಲ, ಗುಡ್ಡಗಳೂ ಇವೆ. ಬುಡ ಎಲ್ಲೋ ಕತ್ತಲಲ್ಲಿ, ನೆತ್ತಿ ಕೂಡ ನೀರಿನ ಮೇಲೆ ಬಾರದ ಗುಡ್ಡಗಳು. ಅವುಗಳ ಮೈಮೇಲೆ, ಬಿಸಿಲು ಮುಟ್ಟದ ತಂಪಿನಲ್ಲಿ ಹವಳ ಬೆಳೆಯುತ್ತದೆ. ಮೇಲಿನಿಂದ ಉದುರಿ ಬರುವ ಚೂರುಪಾರನ್ನು ಹಿಡಿದು ತಿಂದು ಬದುಕುತ್ತದೆ. ಒಂದು ಬೆರಳುದ್ದ ಬೆಳೆಯಲು ಎಷ್ಟೋ ವರ್ಷ ಬೇಕು.

“ಕಣ್ಣಿಗೆ ಕಾಣೂದಿಲ್ಲ ಅಂದ್ರ ಅಲ್ಲಿ ಗುಡ್ಡ ಐತಿ ಅಂತ ಹೆಂಗ ಗೊತ್ತಾಗ್ತೈತ್ರಿ?” ಎಂದು ಕೇಳಿದೆ.

ಅವರು ಆಳ ಅಳೆಯುವ ಯಂತ್ರದ ಮುಂದೆ ನಿಲ್ಲಿಸಿದರು. ಹಡಗಿನ ತಳದಿಂದ ಒಂದು ಸದ್ದು ಕೆಳಗೆ ಹೋಗಿ ನೆಲಕ್ಕೆ ಬಡಿದು ತಿರುಗಿ ಬರುತ್ತದೆ. ಬರಲು ಹಿಡಿದ ಹೊತ್ತನ್ನು ಮುಳ್ಳು ಕಾಗದದ ಮೇಲೆ ಗೆರೆಯಾಗಿ ಎಳೆಯುತ್ತದೆ. ದಿನವಿಡೀ ಕಾಗದದ ಕೆಳತುದಿಯಲ್ಲಿ ಸಪಾಟಾಗಿ ಹೋದ ಗೆರೆ ಒಮ್ಮೆಲೆ ಏರತೊಡಗಿದ್ದನ್ನು ನಾನೇ ನೋಡಿದೆ. ಕಿಟಕಿಯಾಚೆ ನೀರು ಮಾತ್ರ. ಕಾಗದದ ಮೇಲೆ ಅಣಶಿ ಘಟ್ಟದಷ್ಟು ಕಡಿದಾದ ಗುಡ್ಡ.

ಗುಡ್ಡ ಸಿಕ್ಕಿದ ಮೇಲೆ ಡ್ರೆಜ್ ಇಳಿಸುವುದು. ಡ್ರೆಜ್ ಅಂದರೆ ಕಬ್ಬಿಣದ ಚೌಕಟ್ಟಿನ ಬಾಯಿ, ಹಿಂದೆ ಸರಪಳಿಯ ಜೋಳಿಗೆ. ಉಕ್ಕಿನ ಹಗ್ಗಕ್ಕೆ ಕಟ್ಟಿ ಕೆಳಗೆ ಬಿಟ್ಟರೆ ನೆಲ ಮುಟ್ಟಲು ಒಂದು ತಾಸಿನ ಮೇಲೆ ಬೇಕು. ಆಮೇಲೆ ಹಡಗು ಎಮ್ಮೆಯ ನಡಿಗೆಯಲ್ಲಿ ಹೋಗುತ್ತ ಅದನ್ನು ಗುಡ್ಡದ ಮೈಮೇಲೆ ಎಳೆಯುತ್ತದೆ. ಹಗ್ಗ ಸುತ್ತುವ ಯಂತ್ರದ ಹತ್ತಿರ ಕಾರವಾರದ ಕಡೆಯ ಒಬ್ಬ ಖಲಾಸಿ, ನನ್ನ ಜೊತೆ ಚೇಷ್ಟೆಗೆ ನಮ್ಮ ಕಡೆಯ ಮಾತನ್ನೇ ಆಡುವವನು. ಅವನು ಹಗ್ಗಕ್ಕೆ ಒಂದು ಮರದ ಕೋಲನ್ನು ಆನಿಸಿ, ಕೋಲಿನ ಇನ್ನೊಂದು ತುದಿಗೆ ಕಿವಿಗೊಟ್ಟು ಕೂರುತ್ತಿದ್ದ. ನೆಲದಲ್ಲಿ ಕೆಸರಿದ್ದರೆ ಒಂದು ನಮೂನೆಯ ಗುಂಯ್, ಕಲ್ಲಿದ್ದರೆ ಕಟಕಟ.

“ಕಟ್ಟಿಗೆ ಸಾಹೇಬ್ರ, ಬರ್ರಿ, ನೀವೂ ಕೇಳ್ರಿ. ನಿಮ್ಮದೇ ಜಾತಿ ಕೋಲು ಇದು” ಎಂದು ಕರೆಯುತ್ತಿದ್ದ.

“ಇದು ಬೀಟಿ. ನಮ್ಮ ಡಿಪೋದಾಗಿಂದ ಕದ್ದೀಯೇನು?”

“ನಿಮ್ಮ ಡಿಪೋದಾಗ ಕದಿಯಾಕ ಏನ್ ಉಳದೈತ್ರಿ ಸಾಹೇಬ್ರ, ಎಲ್ಲಾ ನಿಮ್ಮ ಮಂದೀನ ಒಯ್ದಾರ.”

ಡ್ರೆಜ್ ಮೇಲೆ ಬಂದು ಡೆಕ್ಕಿನ ಮೇಲೆ ಬಾಯಿ ಬಿಚ್ಚಿದಾಗ ಮೊದಲು ಬರುವುದು ತಂಪು. ಬಿಸಿಲಿಗೆ ಕಾದ ಹಲಗೆಯ ಮೇಲೆ ಬಾವಿಯ ತಳದಂಥ ತಂಪಿನ ಕೆಸರು. ಅದರೊಳಗೆ ಕರಿ ಕಲ್ಲು, ಕಲ್ಲಿಗೆ ಅಂಟಿದ ಹವಳ. ಕೆಲವು ಬೀಸಣಿಗೆಯ ಹಾಗೆ ಹರಡಿದವು, ಅವುಗಳ ಕಡ್ಡಿಗಳಿಗೆ ಹಾವಿನ ಮರಿಗಳಂಥ ತೋಳುಗಳನ್ನು ಸುತ್ತಿಕೊಂಡ ನಕ್ಷತ್ರಮೀನುಗಳು. ಕೆಲವು ಕವಲೊಡೆದ ಬಿಳಿ ಕೊಂಬೆಗಳು. ಕೆಲವು ಒಂಟಿ, ಅಡಿಕೆಯಷ್ಟು ದೊಡ್ಡ ಬಟ್ಟಲು, ಬಟ್ಟಲಿಗೆ ಒಂದೇ ಜೀವ.

ಅವನ್ನು ತೊಳೆದು ಜಾತಿ ಬೇರ್ಪಡಿಸಿ ಬಿಳಿ ಬಟ್ಟೆಯ ಚೀಲಕ್ಕೆ ಹಾಕಿ, ಒಳಗೊಂದು ಚೀಟಿಯಿಟ್ಟು, ಬಾಯಿ ಕಟ್ಟಿ, ಸ್ಪಿರಿಟ್ ತುಂಬಿದ ಡ್ರಮ್ಮಿಗೆ ಇಳಿಸಬೇಕು. ಚೀಟಿಯಲ್ಲಿ ಯಾವ ಗುಡ್ಡ, ಎಷ್ಟನೆಯ ಎಳೆತ, ಎಷ್ಟು ಆಳ. ಬಾಯಾರು ನನಗೆ ಒಂದು ಡಜನ್ ಸಾದಾ ಸೀಸದ ಪೆನ್ಸಿಲ್ ಕೊಟ್ಟು, “ಚೀಟಿ ಇದರಿಂದನ ಬರೀರಿ” ಎಂದಿದ್ದರು. “ಚೀಟಿ ಹೋತು ಅಂದ್ರ ಹವಳ ಇದ್ದೂ ಇಲ್ಲದಂಗ. ಎಲ್ಲಿದು ಅಂತ ಹೇಳಾಕ ಬರದ ಹವಳ ಬರೇ ಕಲ್ಲು.”

ಮೊದಲ ಎರಡು ಗುಡ್ಡಗಳಲ್ಲಿ ಹಾಗೆಯೇ ಬರೆದೆ. ಮೂರನೆಯದಕ್ಕೆ ಬರುವಾಗ ಸಮುದ್ರ ಏಳತೊಡಗಿತ್ತು. ಚೀಟಿಗಳೆಲ್ಲ ಒದ್ದೆ. ಒದ್ದೆ ಕಾಗದದ ಮೇಲೆ ಸೀಸದ ಗೆರೆ ಇದೆಯೋ ಇಲ್ಲವೋ ಎಂಬಷ್ಟು ತೆಳುವಾಗಿ ಕಂಡಿತು. ಡಿಪೋದ ಆ ಬೆಳಗು ನೆನಪಾಯಿತು. ಬಾಯಾರನ್ನು ಕೇಳಬಹುದಿತ್ತು. ಅವರು ಒಳಗೆ ಯಂತ್ರದ ಕೋಣೆಯಲ್ಲಿ, ಹಡಗು ಗುಡ್ಡದ ಮೇಲಿನಿಂದ ಸರಿಯದಂತೆ ಗೆರೆ ಕಾಯುತ್ತಿದ್ದರು. ಇಷ್ಟಕ್ಕೆಲ್ಲ ಅವರನ್ನೇನು ಕರೆಯುವುದು ಎಂದು ಜೇಬಿನ ಕಾಪಿಂಗ್ ಪೆನ್ಸಿಲ್ ತೆಗೆದೆ. ಒದ್ದೆ ಚೀಟಿಯ ಮೇಲೆ ನೇರಳೆ ಅಕ್ಷರ ಎಷ್ಟು ಚಂದ ಕೂತಿತೆಂದರೆ, ಹದಿಮೂರು ವರ್ಷದ ಕಸುಬು ಕೊನೆಗೂ ಈ ನೀರಿನ ಮಂದಿಗೆ ಉಪಯೋಗಕ್ಕೆ ಬಂತು ಎನಿಸಿತು. ಮೂರನೆಯ ಗುಡ್ಡದ ಹದಿನಾಲ್ಕು ಚೀಲಗಳಿಗೂ ಹಾಗೆಯೇ ಬರೆದು, ಎರಡನೆಯ ಡ್ರಮ್ಮಿಗೆ ಇಳಿಸಿ ಮುಚ್ಚಳ ಬಿಗಿದೆ. ರಜಿಸ್ಟರಿನಲ್ಲಿ ಮಾತ್ರ ಸೀಸದಲ್ಲೇ ಬರೆದೆ: ಇಂಥ ಎಳೆತ, ಹವಳ, ಇಷ್ಟು ಚೀಲ. ಅಷ್ಟೇ.

ಆ ಹಡಗಿನಲ್ಲಿ ನಾನು ಸುಖವಾಗಿದ್ದೆ ಎಂದರೆ ಸುಳ್ಳಾದೀತು. ಮಲಗಲು ಮೂರನೆಯ ಅಂತಸ್ತಿನ ಬಂಕು, ಡೀಸೆಲ್ ವಾಸನೆ, ಮೊದಲ ವಾರದ ವಾಂತಿ. ಸಂಜೆ ಡೆಕ್ಕಿನ ತುದಿಗೆ ಒಬ್ಬನೇ ನಿಂತರೆ ಯಾವ ದಿಕ್ಕಿಗೂ ಒಂದು ದೀಪವಿಲ್ಲ. ಆದರೆ ಹೊತ್ತಿಗೆ ಸರಿಯಾಗಿ ಊಟದ ಗಂಟೆ ಹೊಡೆಯುತ್ತಿದ್ದರು. ನಾನು ಹೋಗದಿದ್ದರೆ ಅಡುಗೆಯವನು ಕೆಳಗಿನಿಂದ ಕೂಗುತ್ತಿದ್ದ. ಹೆಂಡತಿ ಹೋದ ಮೇಲಿನ ಒಂದೂವರೆ ವರ್ಷದಲ್ಲಿ ಊಟಕ್ಕೆ ಬಾರದಿದ್ದರೆ ನನ್ನನ್ನು ಯಾರೂ ಕೂಗಿರಲಿಲ್ಲ. ಬಂದರಿಗೆ ಮರಳಿದ ದಿನ ಬಾಯಾರು, “ಮಳಿಗಾಲ ಮುಗದ ಮ್ಯಾಲ ಮತ್ತ ಹೊಂಟೀವಿ. ಬರ್ತೀರೇನ್ರಿ? ನಿಮ್ಮ ಹೆಸರನ ಬರೀತೇನಿ ನಾ” ಎಂದರು. “ಬರ್ತೇನ್ರಿ” ಎಂದೆ. ಅದಕ್ಕಿಂತ ಹೆಚ್ಚಾಗಿ ನನಗೆ ಬೇರೇನೂ ಬೇಕಿರಲಿಲ್ಲ. ದಾಂಡೇಲಿಗೆ ಬಂದ ಮೇಲೂ ಟ್ರಂಕನ್ನು ಮಂಚದ ಕೆಳಗೆ ತಳ್ಳದೆ ಬಾಗಿಲ ಹತ್ತಿರವೇ ಇಟ್ಟಿದ್ದೆ.

ಮಳೆಗಾಲ ಅರ್ಧ ಕಳೆದಾಗ ಒಂದು ಇನ್‌ಲ್ಯಾಂಡ್ ಪತ್ರ ಬಂತು. ಬಾಯಾರದು. ಎರಡನೆಯ ಡ್ರಮ್ ಬಿಚ್ಚಿದೆವು, ಸ್ಪಿರಿಟ್ ಪೂರ್ತಿ ನೇರಳೆಯಾಗಿದೆ, ಚೀಟಿಗಳಲ್ಲಿ ಒಂದಕ್ಷರ ಉಳಿದಿಲ್ಲ, ನಾನು ಭಾನುವಾರ ದಾಂಡೇಲಿಗೆ ಬರುತ್ತೇನೆ, ಮನೆಯಲ್ಲೇ ಇರಿ. ಮಳೆಯನ್ನು ತಾಳುವ ಬಣ್ಣ ಸ್ಪಿರಿಟ್ಟಿನಲ್ಲಿ ಸಕ್ಕರೆಯಂತೆ ಕರಗುತ್ತದೆಂದು ಕಟ್ಟಿಗೆ ಅಳೆಯುವವನಿಗೆ ಹೇಗೆ ತಿಳಿಯಬೇಕು. ತಿಳಿದವರು ಹೇಳಿದ್ದನ್ನು ಕೇಳಬೇಕಿತ್ತು, ಅಷ್ಟೇ. ಭಾನುವಾರದವರೆಗೆ ಮೂರು ದಿನ ಡಿಪೋದಲ್ಲಿ ಬರೆದ ಪ್ರತಿ ನಂಬರನ್ನೂ ಎರಡೆರಡು ಸಲ ನೋಡಿದೆ.

ಗೋವಾ ಕಡೆಯಿಂದ ರಾಮನಗರ, ಜಗಲಬೇಟ ದಾಟಿ ಬರುವ ಬಸ್ಸಿನಿಂದ ಅವರು ಇಳಿದಾಗ ಹನ್ನೊಂದು ಗಂಟೆ. ಕೈಯಲ್ಲಿ ಬಿಸ್ಕಿಟಿನ ದೊಡ್ಡ ತಗಡಿನ ಡಬ್ಬಿ, ಹಗ್ಗದಿಂದ ಬಿಗಿದದ್ದು. ಹಡಗಿನಲ್ಲಿ ಪ್ಯಾಂಟು ತೊಟ್ಟು ಓಡಾಡುತ್ತಿದ್ದವರು ಸೀರೆಯುಟ್ಟು, ತೊಯ್ದ ಕೊಡೆ ಹಿಡಿದು, ಯಾರದೋ ಮದುವೆಗೆ ಬಂದವರಂತೆ ಕಂಡರು. ಡಬ್ಬಿ ಇಸಿದುಕೊಳ್ಳಲು ಹೋದೆ. ಕೊಡಲಿಲ್ಲ.

ಮನೆಯಲ್ಲಿ ಹಾಸಿದ ಪೇಪರಿನ ಮೇಲೆ ಅವರು ಹದಿನಾಲ್ಕು ಚೀಲಗಳನ್ನು ಸಾಲಾಗಿಟ್ಟರು. ಪ್ರತಿಯೊಂದನ್ನೂ ಸ್ಪಿರಿಟ್ಟಿನಲ್ಲಿ ಅದ್ದಿದ ಬಟ್ಟೆಯಲ್ಲಿ ಸುತ್ತಿ, ಮೇಲೆ ಪ್ಲಾಸ್ಟಿಕ್ ಹಾಕಿ ತಂದಿದ್ದರು. ಖೋಲಿಯೆಲ್ಲ ದವಾಖಾನೆಯ ವಾಸನೆ. ಬಿಳಿ ಚೀಲ, ಬಿಳಿ ಹವಳ ಎಲ್ಲ ನೇರಳೆ. ನಾನು ಬಾಗಿಲಲ್ಲೇ ನಿಂತಿದ್ದೆ.

“ಕೂಡ್ರಿ,” ಎಂದರು. “ಬೈಯಾಕ ಬಂದಿಲ್ಲ ನಾ. ಬೈಯೂದಿದ್ರ ಪತ್ರದಾಗನ ಬೈತಿದ್ದೆ, ಬಸ್ಸಿನ ಖರ್ಚ ಉಳೀತಿತ್ತು.”

“ತಪ್ಪು ನಂದ್ರಿ ಬಾಯಾರ.”

“ಹೌದು, ನಿಮ್ಮದ. ಈಗ ಆ ಮಾತ ಬಿಡ್ರಿ. ನೀವ ತೊಳದೀರಿ, ನೀವ ಕಟ್ಟೀರಿ. ನೋಡಿದ್ರ ಯಾವುದು ಯಾವಾಗ ಬಂದದ್ದು ಅಂತ ಗುರ್ತ ಸಿಗ್ತೈತೇನು?” ಅವರು ರಜಿಸ್ಟರನ್ನು ತೊಡೆಯ ಮೇಲೆ ಬಿಚ್ಚಿಕೊಂಡರು. “ಹದಿನೈದು ದಿನದಾಗ ವರದಿ ಕೊಡಬೇಕು. ಹದಿನಾಲ್ಕೂ ಹೊಂದಿದ್ವು ಅಂದ್ರ ಈ ನೇರಳೆ ಸುದ್ದಿ ಆಫೀಸಿನ್ಯಾಗ ಯಾರಿಗೂ ಹೇಳೂ ಕಾರಣ ಇಲ್ಲ. ಒಂದು ಹೊಂದಲಿಲ್ಲ ಅಂದ್ರೂ ಯಾಕ ಅಂತ ನಾ ಬರೀಬೇಕಾಗ್ತೈತಿ. ಬರದ್ರ ಮುಂದಿನ ಸಲ ನಿಮ್ಮನ್ನ ಕರಿಯಾಕ ಬಿಡೂದಿಲ್ಲ ಅವರು.”

ನಾನು ಕೂತು ಮೊದಲ ಚೀಲ ಬಿಚ್ಚಿದೆ.

ನೆನಪು ಒಂದು ವಿಚಿತ್ರ ಉಗ್ರಾಣ. ಆಳ ಎಷ್ಟೆಂದು ಕೇಳಿದರೆ ಬಾಯಿಗೆ ಬರಲಿಲ್ಲ. ಅಂದು ಏನು ನಡೆಯಿತೆಂಬುದು ಮಾತ್ರ ಕೈಗೆ ಬಂತು. ಒಂದು ಕಲ್ಲಿನ ಮೇಲೆ ತುಕ್ಕಿನ ಗೀರು ಇತ್ತು. ಅದು ಸರಪಳಿಯ ಕೊಂಡಿ ಮುರಿದ ದಿನದ್ದು, ಮೂರನೆಯ ಗುಡ್ಡದ ಮೊದಲ ಎಳೆತ. ಒಂದು ಬೀಸಣಿಗೆಯ ಕಡ್ಡಿ ಮುರಿದಿತ್ತು. ಖಲಾಸಿ ಅದನ್ನು ಕಿವಿಯಲ್ಲಿ ಸಿಕ್ಕಿಸಿಕೊಂಡು ಕುಣಿದು ಬಾಯಾರಿಂದ ಬೈಸಿಕೊಂಡದ್ದು ಎರಡನೆಯ ಎಳೆತದಲ್ಲಿ. ಎರಡು ಚೀಲಗಳ ದಾರದ ಗಂಟು ಎಡಗೈಯದು. ಹೆಬ್ಬೆರಳು ಕೊಯ್ದುಕೊಂಡು ಬಲಗೈಗೆ ಪಟ್ಟಿ ಹಾಕಿದ್ದ ದಿನ. ಇನ್ನೊಂದರ ಬಟ್ಟೆಗೆ ಏನೋ ಜಿಡ್ಡು. ಅಂದು ಅಡುಗೆಯವನು ಮಗ ಹುಟ್ಟಿದನೆಂದು ಎಲ್ಲರಿಗೂ ಶಿರಾ ಹಂಚಿದ್ದ, ನಾನು ಕೈ ತೊಳೆಯದೆ ಚೀಲ ಹಿಡಿದಿದ್ದೆ.

“ಖಾತ್ರಿ ಏನ್ರಿ?” ಎಂದು ಅವರು ಪ್ರತಿ ಸಲ ಕೇಳುವರು. “ಖಾತ್ರಿ ರೀ” ಎಂದರೆ ಸೀಸದ ಪೆನ್ಸಿಲ್ಲಿನಿಂದ ಹೊಸ ಚೀಟಿ ಬರೆದು ಹಾಕುವರು.

ನಡುವೆ ಭಾಬಿ ಚಹಾ ತಂದರು. ಗಂಡಸೊಬ್ಬನೇ ಇರುವ ಮನೆಗೆ ಸೀರೆಯುಟ್ಟ ಹೆಣ್ಣುಮಗಳು ಬಂದದ್ದನ್ನು ಇಡೀ ಚಾಳು ನೋಡಿತ್ತು. ಭಾಬಿ ಚಾಳಿನ ಪರವಾಗಿ ಬಂದಂತಿತ್ತು. ಪೇಪರಿನ ಮೇಲಿನ ಸಾಲನ್ನು ನೋಡಿ ಮೂಗಿಗೆ ಸೆರಗು ಹಿಡಿದರು.

“ತಿಂಗಳಗಟ್ಟಲೆ ಹಡಗಿನ್ಯಾಗ ಅಡ್ಡಾಡಿ ಈ ಎಲುಬು ತಂದೀರೇನ್ ಅಣ್ಣಾ?”

“ಎಲುಬಲ್ಲರಿ ಭಾಬಿ, ಇದು ಮನಿ,” ಎಂದರು ಬಾಯಾರು. ಕವಲಿನ ಹವಳವನ್ನು ಎತ್ತಿ ತೋರಿಸಿದರು. “ನೋಡ್ರಿ, ಒಂದೊಂದು ತೂತಿನ್ಯಾಗ ಒಂದೊಂದು ಜೀವ ಇತ್ತು. ಗ್ವಾಡಿಗೆ ಗ್ವಾಡಿ ಹಚ್ಚಿ ಕಟ್ಟಿಕೋತ ಹೋಗ್ತಾವ.”

“ಹಂಗಾರ ನಮ್ಮ ಚಾಳ ಇದ್ದಂಗ. ನೀರಿನ ಸಲುವಾಗಿ ಜಗಳಾ ಆಡ್ತಾವೇನು?”

“ನೀರಿಗೇನ ಕಡಿಮಿ ಇಲ್ಲರಿ ಅವಕ್ಕ.”

ಭಾಬಿ ಬಗ್ಗಿ ಒಂಟಿ ಬಟ್ಟಲೊಂದನ್ನು ಬೆರಳಿನಿಂದ ಮುಟ್ಟಿದರು. “ಇದರಾಗ?”

“ಅದರಾಗ ಒಂದ.”

“ಬಾಜೂಕ ಯಾರೂ ಇಲ್ಲ?”

“ಇಲ್ಲ. ಕಡೀತನಕ ಒಂದ.”

“ನಮ್ಮ ಅಣ್ಣಾನಂಗ,” ಎಂದರು ಭಾಬಿ. ಹೇಳಿದ ಮೇಲೆ ಅವರಿಗೇ ಹೇಗೋ ಆಗಿ, ಸಂಜೆ ರೊಟ್ಟಿ ಕಳಿಸುತ್ತೇನೆಂದು ಖಾಲಿ ಟ್ರೇ ಹಿಡಿದು ಹೋದರು. ನಾನು ಚಹಾಕ್ಕೆ ಹಾಕಿಯೇ ಇದ್ದ ಸಕ್ಕರೆಯನ್ನು ಮತ್ತೆ ಕಲಕಿದೆ.

ಎರಡು ಗಂಟೆಯ ಹೊತ್ತಿಗೆ ಒಂಬತ್ತು ಚೀಲಗಳಿಗೆ ಚೀಟಿ ಬಂದಿತ್ತು. ಉಳಿದವು ಐದು. ಐದೂ ಕೊನೆಯ ದಿನದವು, ಅದರಲ್ಲಿ ಅನುಮಾನವಿಲ್ಲ. ಆ ದಿನ ಎರಡು ಎಳೆತ. ಬೆಳಿಗ್ಗೆ ಗುಡ್ಡದ ನೆತ್ತಿಯ ಮೇಲೆ, ಮಧ್ಯಾಹ್ನ ಪೂರ್ವದ ಇಳಿಜಾರಿನ ಆಳದಲ್ಲಿ. ರಜಿಸ್ಟರಿನ ಪ್ರಕಾರ ನೆತ್ತಿಯವು ಎರಡು ಚೀಲ, ಇಳಿಜಾರಿನವು ಮೂರು. ಸಮುದ್ರ ಜೋರಾಗಿದ್ದರಿಂದ ಬೆಳಗಿನದನ್ನು ತೊಳೆಯಲಾಗದೆ ತೊಟ್ಟಿಯಲ್ಲಿ ಬಿಟ್ಟು, ಸಂಜೆ ಎರಡನ್ನೂ ಒಟ್ಟಿಗೆ ತೊಳೆದು ಕಟ್ಟಿದ್ದೆ. ಕಟ್ಟುವಾಗ ಯಾವುದು ಯಾವುದೆಂದು ಸ್ಪಷ್ಟ ಗೊತ್ತಿತ್ತು. ಸರಿಯಾಗಿಯೇ ಬರೆದಿದ್ದೆ. ಬರೆದಾಯಿತೆಂಬ ಧೈರ್ಯಕ್ಕೆ ನೆನಪಿನಲ್ಲಿ ಇಟ್ಟುಕೊಂಡಿರಲಿಲ್ಲ.

ಆ ಐದರಲ್ಲೇ ಬಾಯಾರ ಜೀವ ಇತ್ತು. ಒಂದು ಗೇಣಿನ ಬಿಳಿ ಕವಲು, ಬರುವಾಗ ಜೀವಂತವಾಗಿತ್ತು. ತೊಟ್ಟಿಯ ನೀರಿನಲ್ಲಿ ಅದರ ತೂತುಗಳಿಂದ ಜೀವಗಳು ಎಳೆಎಳೆಯಾಗಿ ಹೊರಬಂದದ್ದನ್ನು ಅವರನ್ನೇ ಕರೆದು ತೋರಿಸಿದ್ದೆ. ಆದರೆ ಅವರು ಒಳಗಿನಿಂದ ಓಡಿ ಬಂದು ನೋಡಿದ್ದು ಸಂಜೆ, ಎರಡೂ ಒಂದೇ ತೊಟ್ಟಿಯಲ್ಲಿದ್ದಾಗ.

“ನೆತ್ತಿ ಮ್ಯಾಲ ಇಂಥಾದ್ದು ಸಿಗೂದು ದೊಡ್ಡ ಮಾತಲ್ಲ,” ಎಂದರು ಅವರು, ಕವಲನ್ನು ಅಂಗೈಯಲ್ಲಿ ಹೊರಳಿಸುತ್ತ. “ಅಷ್ಟು ಆಳದ ಇಳಿಜಾರಿನ್ಯಾಗ ಜೀವಂತ ಇತ್ತು ಅಂದ್ರ, ಈ ಸಮುದ್ರದಾಗ ನಾ ಇನ್ನೂ ತನಕಾ ನೋಡಿಲ್ಲ. ಅದನ್ನ ಹಿಡಕೊಂಡ ಮತ್ತೊಮ್ಮೆ ಆ ಗುಡ್ಡಕ್ಕ ಹಡಗ ಒಯ್ರಿ ಅಂತ ಕೇಳಬಹುದು ನಾ. ಇಲ್ಲಂದ್ರ ಯಾರೂ ಕಳಸೂದಿಲ್ಲ.” ಅದನ್ನು ನನ್ನ ಕಡೆ ಚಾಚಿ, “ನಿಮಗ ಏನ ಅನಸ್ತೈತಿ?” ಎಂದರು.

ಕವಲನ್ನು ಕೈಗೆ ತೆಗೆದುಕೊಂಡೆ. ಇಳಿಜಾರಿನ ಡ್ರೆಜ್ ಬಿಚ್ಚಿದಾಗ ಇದರ ಬಿಳುಪು ಕಂಡಂತೆ ಅನಿಸಿತು. ನೆತ್ತಿಯದು ಬಿಚ್ಚಿದಾಗಲೂ ಕಂಡಂತೆ ಅನಿಸಿತು. ಹೊರಗೆ ಮಳೆ ಜೋರಾಗಿ, ಚಾಳಿನ ತಗಡಿನ ಮೇಲೆ ಸದ್ದು ತುಂಬಿಕೊಂಡಿತು. ಅವರು ನನ್ನ ಮುಖವನ್ನೇ ನೋಡುತ್ತಿದ್ದರು. ಯಾವ ಉತ್ತರ ಬೇಕೆಂಬುದು ಅವರ ಕಣ್ಣಿನಲ್ಲಿತ್ತು. ಅದನ್ನು ಕೇಳಬಾರದೆಂಬ ಬಿಗುವೂ ಅಲ್ಲೇ ಇತ್ತು. ‘ಇಳಿಜಾರಿಂದು’ ಎಂಬ ಒಂದು ಮಾತು ಆಡಿದರೆ ಅವರಿಗೆ ಗುಡ್ಡ, ನನಗೆ ಹಡಗು. ಸುಳ್ಳೆಂದು ತೋರಿಸಲು ಲೋಕದಲ್ಲಿ ಯಾರೂ ಇರಲಿಲ್ಲ. ಸುಳ್ಳೆಂದು ನನಗೂ ಗೊತ್ತಾಗುವಂತಿರಲಿಲ್ಲ. ನಿಜವೇ ಆಗಿರಬಹುದಿತ್ತು.

“ನಮ್ಮ ಡಿಪೋದಾಗ ಬೇವಾರಸಿ ಸಾಲ ಅಂತ ಒಂದು ಐತ್ರಿ,” ಎಂದೆ.

“ಅಂದ್ರ?”

“ನಂಬರ್ ಅಳಿಸಿದ ದಿಮ್ಮಿ ಸಿಕ್ತು ಅಂತ ತಿಳೀರಿ. ಇದು ಇಂಥಾ ಸಾಲಿಂದ, ಇಂಥಾ ನಂಬರ ಅಂತ ಇಬ್ಬರು ಬ್ಯಾರೆ ಬ್ಯಾರೆ ನಿಂತು ಹೇಳಬೇಕ್ರಿ. ಇಬ್ಬರದೂ ಒಂದ ಬಂದ್ರ ನಂಬರ್ ಹಾಕ್ತೀವಿ. ಇಲ್ಲಂದ್ರ ಬೇವಾರಸಿ ಸಾಲಿಗೆ ಉರುಳಸೂದು. ಎಷ್ಟ ಚಲೋ ಸಾಗವಾನಿ ಇದ್ರೂ ಅಷ್ಟ. ಒಬ್ಬಾಂವ ಅಂದಾಜಿಲೆ ನಂಬರ್ ಹಾಕಾಕ ಸುರು ಮಾಡಿದ್ರ, ನಾಳೆ ಕಾಡಾಗಿನ ಕಳುವಿನ ಮರಕ್ಕೂ ನಂಬರ್ ಬೀಳ್ತೈತ್ರಿ.”

ಅವರು ನನ್ನ ಕೈಯಿಂದ ಕವಲನ್ನು ತೆಗೆದುಕೊಂಡು ಬಟ್ಟೆಯಲ್ಲಿ ಸುತ್ತಿದರು.

“ನಾ ಆಗ ಒಳಗಿದ್ದೆ,” ಎಂದರು. “ಎರಡನೇದಾಂವ ಯಾರೂ ಇಲ್ಲ ನಮಗ.”

“ಖಲಾಸಿ ಇದ್ದ.”

“ಅಂವನ್ನ ಮೊನ್ನೆನ ಕೇಳೇನಿ. ‘ಮೇಡಂ, ನಿಮಗ ಯಾವುದು ಬೇಕೋ ಅದ’ ಅಂದ.” ಅವರು ಸ್ವಲ್ಪ ನಕ್ಕರು. ಆಮೇಲೆ ಐದು ಚೀಟಿಗಳಲ್ಲಿ ‘ಠಿಕಾಣಿ ಇಲ್ಲ’ ಎಂಬ ಒಂದೇ ಮಾತನ್ನು ಐದು ಸಲ ಬರೆದು, ಐದು ಚೀಲಗಳಿಗೆ ಹಾಕಿದರು. ನಾನು ಗಂಟು ಹಾಕಿದೆ.

ಊಟಕ್ಕೆ ಏಳಿಸಿದೆ. ಅನ್ನ, ಹೆಸರುಕಾಳಿನ ಪಲ್ಯ, ಮಜ್ಜಿಗೆ. ಅಂದು ಎರಡು ವಾಟಿ ಅಕ್ಕಿ ಸರಿಹೋಯಿತು. ಉಣ್ಣುವಾಗ ಅವರು ಧಾರವಾಡದ ತಮ್ಮ ತಾಯಿಯ ಮಾತು ತೆಗೆದರು. ಇಷ್ಟು ವರ್ಷವಾದರೂ ಮಗಳು ಮೀನಿನ ಕಚೇರಿಯಲ್ಲಿ ಕಾರಕೂನಿಕೆ ಮಾಡುತ್ತಾಳೆ ಎಂದೇ ನೆಂಟರಿಗೆ ಹೇಳುತ್ತಾರಂತೆ. ನಾನು ನಕ್ಕೆ. ಹವಳದ ಮಾತನ್ನು ಇಬ್ಬರೂ ಎತ್ತಲಿಲ್ಲ.

ಬಸ್‌ಸ್ಟ್ಯಾಂಡಿನವರೆಗೆ ಡಬ್ಬಿಯನ್ನು ಈ ಸಲ ನನ್ನ ಕೈಗೆ ಕೊಟ್ಟರು. ಬಸ್ಸು ಹೊರಡುವ ಮುಂಚೆ ಕಿಟಕಿಯ ತಾಡಪಾಲು ಸರಿಸಿ, “ಆಮ್ಯಾಲೆ ನೆನಪಾದ್ರ ಬರೀರಿ” ಎಂದರು.

“ನೆನಪಾತು ಅಂತ ಅನಿಸಿದ್ರೂ ಬರಿಯೂದಿಲ್ರಿ,” ಎಂದೆ. “ನಿಮಗ ಬೇಕಾಗೇತಿ ಅಂತ ಈಗ ನನಗ ಗೊತ್ತಾಗೇತಿ. ಇನ್ನ ಮ್ಯಾಲೆ ನೆನಪಾದದ್ದು ನೆನಪಲ್ಲ ಅದು.”

ಅವರು ತಲೆಯಾಡಿಸಿದರು. ಸಿಟ್ಟಾಗಿದ್ದರೋ ಇಲ್ಲವೋ ನನಗೆ ತಿಳಿಯಲಿಲ್ಲ. ಕಂಡಕ್ಟರ್ ಸೀಟಿ ಊದಿದ.

ಅವರ ಪತ್ರ ಇನ್ನೊಂದು ಬಂತು, ನವರಾತ್ರಿಯ ಹೊತ್ತಿಗೆ. ಒಂಬತ್ತು ಚೀಲಗಳು ವರದಿಗೆ ಹೋದವು. ಐದರ ವಿಷಯ ಬರೆಯಬೇಕಾಯಿತು. ಯಾರ ಕೈ ಎಂದು ಬರೆದಿಲ್ಲ, ಆದರೆ ಆ ಕೆಲಸಕ್ಕೆ ಇದ್ದದ್ದು ಒಂದೇ ಕೈ. ಹಡಗು ಈ ಸಲ ಬೇರೆ ಕಡೆಗೆ ಹೊರಟಿದೆ, ಬೇರೆ ಮನುಷ್ಯನನ್ನು ತೆಗೆದುಕೊಂಡಿದ್ದಾರೆ, ಆರೋಗ್ಯ ನೋಡಿಕೊಳ್ಳಿ. ನಾನು ಓದಿ ಮಡಿಚಿ, ಬಾಗಿಲ ಹತ್ತಿರದ ಟ್ರಂಕನ್ನು ಮಂಚದ ಕೆಳಗೆ ತಳ್ಳಿದೆ. ಕಾಲಿಗೆ ಎಡವುತ್ತಿತ್ತು.

“ಕರೀಲಿಲ್ಲೇನ್ ಅಣ್ಣಾ?” ಎಂದು ಭಾಬಿ ಗೋಡೆಯಾಚೆಯಿಂದ ಕೇಳಿದರು. ಟ್ರಂಕ್ ತಳ್ಳಿದ ಸದ್ದು ಅವರಿಗೆ ಕೇಳಿರಬೇಕು.

“ಇಲ್ರಿ ಭಾಬಿ.”

“ಹೋಗಲಿ ಬಿಡ್ರಿ. ನೀರಿನ್ಯಾಗ ಏನೈತಿ.”

ಡಿಪೋದಲ್ಲಿ ಮತ್ತೆ ವರ್ಷಗಳು ಹೋದವು. ಬಾಯಾರು ಆ ಗುಡ್ಡಕ್ಕೆ ಮರಳಿ ಹೋದರೋ ಇಲ್ಲವೋ ಗೊತ್ತಿಲ್ಲ. ನಾನು ಬರೆದು ಕೇಳಲಿಲ್ಲ. ಬಿಳಿ ಕವಲು ಎಲ್ಲಿಯದೆಂದು ಇಂದಿಗೂ ನನಗೆ ತಿಳಿಯದು. ಮನೆಗೆ ಬಂದು ದೀಪ ಹಚ್ಚಿ, ಒಲೆ ಹೊತ್ತಿಸುವ ಮುಂಚೆ ಸುಮ್ಮನೆ ಕೂತ ಕೆಲವು ಸಂಜೆ, ಇಳಿಜಾರಿನ ಡ್ರೆಜ್ಜಿನ ಬಾಯಿ ಬಿಚ್ಚಿ, ತಣ್ಣನೆಯ ಕೆಸರಿನ ನಡುವೆ ಅದು ಬೆಳ್ಳಗೆ ಬಿದ್ದಿರುವುದು ಕಣ್ಣಿಗೆ ಕಟ್ಟಿದಂತೆ ಕಾಣುತ್ತದೆ. ಅದು ಕಂಡದ್ದೋ, ಬೇಕಾದದ್ದೋ ಎಂದು ಕೇಳಿಕೊಳ್ಳುತ್ತೇನೆ. ಹೇಳಲು ಎರಡನೆಯವರಿಲ್ಲ. ಎದ್ದು ಒಲೆ ಹೊತ್ತಿಸುತ್ತೇನೆ.